ಕಳೆದುಹೋದ ಗಂಟೆಗಳ ಲೆಕ್ಕ: ಡಿಸೋಸಿಯೇಶನ್ ಇಟ್ಟುಕೊಂಡೇ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಿರುವವರು ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಇದ್ದೀರಾ?

ಬಿಸಿಲೆ ಮೋಡ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ಕಡೆಯವಳು. ಮದುವೆಯಾಗಿ ಹಾಸನಕ್ಕೆ ಬಂದು 11 ವರ್ಷ ಆಯಿತು. ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಐದು ವರ್ಷದ ಹಿಂದೆ ಡಾಕ್ಟರ್ ನನಗಿರುವುದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂದರು. ನೆನಪು, "ನಾನು" ಅನ್ನುವ ಅರಿವು ತುಂಡು ತುಂಡಾಗಿ, ನಡುನಡುವೆ ಹೊತ್ತೇ ಕಳೆದುಹೋಗುವ ಕಾಯಿಲೆ. ಅತ್ತೆ ಮನೆಯಲ್ಲಿ ಇದಕ್ಕೆ "ಅವಳ ತಲೆನೋವು" ಅಂತ ಹೆಸರು. ಗಂಡನಿಗೆ ಬಿಟ್ಟರೆ ಬೇರೆ ಯಾರಿಗೂ ಪೂರ್ತಿ ಗೊತ್ತಿಲ್ಲ.

ಚಿಕ್ಕಂದಿನಲ್ಲಿ ಏನಾಯಿತು ಅಂತ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ನೆಂಟರ ಮನೆ, ಕಾಫಿ ಕುಯ್ಲಿನ ಕಾಲ, ನಾಲ್ಕೈದು ವರ್ಷ. ಅಷ್ಟು ಸಾಕು.

ಹೇಳಬೇಕು ಅನ್ನಿಸಿದ್ದು ಲೆಕ್ಕದ ವಿಷಯ. ನನ್ನ ಹತ್ತಿರ ಒಂದು ಪುಸ್ತಕ ಇದೆ. ದಿನಾ ರಾತ್ರಿ ಮಲಗುವ ಮುಂಚೆ, ಇವತ್ತು ಎಷ್ಟು ಹೊತ್ತು ನನ್ನ ಕೈಗೆ ಸಿಗಲಿಲ್ಲ ಅಂತ ಅದರಲ್ಲಿ ಬರೆಯುತ್ತೇನೆ. ಮೊದಲನೇ ಪುಟದಲ್ಲಿ ಇರುವುದು ಎರಡೇ ಪದ: "ಮಂಗಳವಾರ ಇಲ್ಲ."

ನಿಜವಾಗಿಯೂ ಇಲ್ಲ. ಸೋಮವಾರ ರಾತ್ರಿ ಒಣಗಿದ ಬಟ್ಟೆ ಮಡಚುತ್ತಿದ್ದೆ. ಮಗಳ ಯೂನಿಫಾರಂ ಕೈಯಲ್ಲಿತ್ತು. ಆಮೇಲೆ ನೋಡಿದರೆ ಬುಧವಾರ ಬೆಳಿಗ್ಗೆ, ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಕೈಯಲ್ಲಿ ಎರಡು ಕೆಜಿ ಆಲೂಗಡ್ಡೆ. ಹಾಸನದವಳು ಆಲೂಗಡ್ಡೆ ತರೋಕೆ ಬೇಲೂರಿಗೆ ಹೋಗ್ತಾಳಾ? ಈಗ ನಗು ಬರುತ್ತದೆ. ಅವತ್ತು ಬೆಂಚಿನ ಮೇಲೆ ಕೂತು ಮೈಯೆಲ್ಲ ನಡುಗಿಹೋಗಿತ್ತು. ಮಂಗಳವಾರ ನಾನು ಕೆಲಸಕ್ಕೆ ಹೋಗಿದ್ದೆನಂತೆ, ಲೆಕ್ಕ ಸರಿಯಾಗಿ ಬರೆದಿದ್ದೆನಂತೆ, ಮಗಳಿಗೆ ಚಿತ್ರಾನ್ನ ಕಟ್ಟಿಕೊಟ್ಟಿದ್ದೆನಂತೆ. ಎಲ್ಲ "ಅಂತೆ." ನನ್ನ ಜೀವನವನ್ನು ನಾನೇ ಬೇರೆಯವರ ಬಾಯಲ್ಲಿ ಕೇಳಬೇಕಿತ್ತು.

ಹೋದ ತಿಂಗಳ ಲೆಕ್ಕ ಮೊನ್ನೆ ಕೂಡಿದೆ. ಇಡೀ ತಿಂಗಳಿಗೆ 40 ನಿಮಿಷ, ಅಷ್ಟೇ. ಈ ಐದು ವರ್ಷದಲ್ಲಿ ಇದೇ ಕಡಿಮೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಗಂಡನಿಗೆ ಹೇಳಿದೆ, "ಹಾಗಾದರೆ ಇನ್ನೂ ಪೂರ್ತಿ ವಾಸಿ ಆಗಿಲ್ವಾ?" ಅಂದರು. ಕೆಟ್ಟದಾಗಿ ಹೇಳಿದ್ದಲ್ಲ. ಆದರೂ ಮನಸ್ಸು ಚುರ್ ಅಂತು.

ನೀವು ಹೇಗೆ ಲೆಕ್ಕ ಹಾಕುತ್ತೀರಿ? ಸುಧಾರಿಸುತ್ತಿದ್ದೀನಿ ಅಂತ ನಿಮಗೆ ಯಾವುದರಿಂದ ಗೊತ್ತಾಗುತ್ತದೆ?

ಅರಸೀಕೆರೆ ಜಂಕ್ಷನ್

ಮೇಡಂ, ತಪ್ಪು ತಿಳಿಯಬೇಡಿ. ಇದು ಸಿನಿಮಾದಲ್ಲಿ ತೋರಿಸ್ತಾರಲ್ಲ, ಒಬ್ಬರೇ ಇಬ್ಬರಾಗೋದು, ಅದೇನಾ? ಅದೆಲ್ಲ ಕಥೆಗೋಸ್ಕರ ಮಾಡಿದ್ದು ಅಂದುಕೊಂಡಿದ್ದೆ. ಅಂಥವರು ನಿಜವಾಗಿಯೂ ಇರ್ತಾರಾ? ಮರೆವು ನನಗೂ ಇದೆ. ಬೈಕ್ ಕೀ ದಿನಾ ಹುಡುಕ್ತೀನಿ.

ಓಪಿಡಿ ಬೆಂಚು

ಅರಸೀಕೆರೆ ಅಣ್ಣ, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಎಲ್ಲರ ಮನಸ್ಸಿನಲ್ಲೂ ಇದೇ ಇರುತ್ತದೆ, ಬಾಯಿಬಿಟ್ಟು ಕೇಳುವವರು ಕಡಿಮೆ. ನಾನು ಆಪ್ತ ಸಮಾಲೋಚಕಿ. 14 ವರ್ಷದಿಂದ ಈ ಎರಡು ಜಿಲ್ಲೆಗಳಲ್ಲೇ ಕೆಲಸ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಬೈಕ್ ಕೀ ಮರೆಯುವುದು ಬೇರೆ. ಬೈಕ್ ಓಡಿಸಿಕೊಂಡು ಕಡೂರಿಗೆ ಹೋಗಿ, ಹೋಗಿದ್ದೇ ಗೊತ್ತಿಲ್ಲದೆ ಇರುವುದು ಬೇರೆ. ಯೋಚನೆ ಮಾಡುತ್ತಾ ಬಸ್ಸಿನಲ್ಲಿ ಸ್ಟಾಪ್ ದಾಟಿ ಹೋಗುತ್ತೀವಲ್ಲ, ಆ ಥರದ ಮೈಮರೆವು ಎಲ್ಲರಿಗೂ ಇರುತ್ತದೆ, ಅದು ಕಾಯಿಲೆಯಲ್ಲ. ಡಿಸೋಸಿಯೇಶನ್ ಅಂದರೆ ನೆನಪು, ಭಾವನೆ, ಮೈಯ ಅರಿವು, "ನಾನು" ಅನ್ನುವ ತಿಳಿವಳಿಕೆ ಇವೆಲ್ಲ ಒಂದಕ್ಕೊಂದು ಅಂಟಿಕೊಂಡು ನಡೆಯಬೇಕಾದ ಕಡೆ ಬಿಟ್ಟುಬಿಟ್ಟು ನಡೆಯುವುದು. ಚಿಕ್ಕ ಮಗುವಿಗೆ ಸಹಿಸಲಾಗದ್ದು ಮತ್ತೆ ಮತ್ತೆ ಆದಾಗ, ಓಡಿಹೋಗಲು ಕಾಲಿಲ್ಲ, ಎದುರಾಡಲು ಶಕ್ತಿಯಿಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ. ಆಗ ಮನಸ್ಸು ತಾನೇ ಅಲ್ಲಿಂದ ಜಾಗ ಖಾಲಿ ಮಾಡುತ್ತದೆ. "ಇದು ನನಗೆ ಆಗುತ್ತಿಲ್ಲ" ಅಂತ ಪಕ್ಕಕ್ಕೆ ಇಡುತ್ತದೆ. ಆ ಹೊತ್ತಿಗೆ ಅದು ಮಗುವನ್ನು ಉಳಿಸುತ್ತದೆ. ತೊಂದರೆ ಏನೆಂದರೆ, ಮುಂದೆ ಮೂವತ್ತು ವರ್ಷ ಆದರೂ ಸಣ್ಣ ಶಬ್ದಕ್ಕೂ ಮನಸ್ಸು ಅದೇ ದಾರಿ ಹಿಡಿಯುತ್ತದೆ.

ಸಿನಿಮಾದಲ್ಲಿ ಸೀರೆ ಬದಲಾಗುತ್ತದೆ, ಕಣ್ಣು ಕೆಂಪಾಗುತ್ತದೆ, ಯಾರನ್ನೋ ಕೊಲ್ಲಲು ಹೊರಡುತ್ತಾರೆ. ನಾನು ನೋಡಿದವರಲ್ಲಿ ಹೆಚ್ಚಿನವರು ಅದನ್ನು ಮುಚ್ಚಿಡುವುದರಲ್ಲೇ ಜೀವನ ಸವೆಸಿದವರು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಬಿಸಿಲೆ ಅವರು ಆ ಮಂಗಳವಾರವೂ ಲೆಕ್ಕ ಸರಿಯಾಗಿ ಬರೆದಿದ್ದರಂತಲ್ಲ, ನೋಡಿ.

ಇದಕ್ಕೆ ಮೊದಲು ಮಲ್ಟಿಪಲ್ ಪರ್ಸನಾಲಿಟಿ ಅನ್ನುತ್ತಿದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಹೆಸರು ಬದಲಾಯಿತು. ಬದಲಾಯಿಸಿದ್ದಕ್ಕೆ ಅರ್ಥ ಇದೆ. ಒಳಗೆ ಹತ್ತು ಜನ ಇದ್ದಾರೆ ಅಂತಲ್ಲ. ಒಬ್ಬರೇ ಇರುವುದು, ಆ ಒಬ್ಬರ ತುಂಡುಗಳು ಒಂದಾಗಿ ಕೂಡಿಕೊಂಡಿಲ್ಲ. ನಮ್ಮ ದೇಶದಲ್ಲಿ ಈ ಹೆಸರು ಬರೆದ ಚೀಟಿ ಅಪರೂಪ. ನಮ್ಮ ಕಡೆ ಡಿಸೋಸಿಯೇಶನ್ ಜಾಸ್ತಿ ಕಾಣಿಸುವುದು ಮೂರ್ಛೆ ಥರ ಬೀಳುವುದು, ಮಾತು ನಿಂತುಹೋಗುವುದು, ಮೈಮೇಲೆ ಬರುವುದು, ಈ ರೂಪಗಳಲ್ಲಿ.

ಕಡೂರು ತೆಂಗು

ಮೂರ್ಛೆ ಅಂದಿರಲ್ಲ ಮೇಡಂ, ಅದಕ್ಕೇ ಬರೀತಿದ್ದೀನಿ. ನನ್ನ ಹೆಂಡತಿದು ಅದೇ.

ಮದುವೆಯಾದ ಎರಡನೇ ವರ್ಷ ಶುರುವಾಯಿತು. ಅಡುಗೆಮನೆಯಲ್ಲಿ ನಿಂತಿದ್ದವಳು ಹಾಗೇ ಕುಸಿದು, ಕೈಕಾಲು ಒದರಲು ಶುರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೈಗೆ ಕಬ್ಬಿಣ ಕೊಟ್ಟೆವು, ಈರುಳ್ಳಿ ಮೂಸಿಸಿದೆವು. ಫಿಟ್ಸ್ ಅಂತ ಎರಡು ವರ್ಷ ಮಾತ್ರೆ ನುಂಗಿದಳು. ಮಾತ್ರೆಯಿಂದ ನಿದ್ದೆ ಜಾಸ್ತಿ ಆಯಿತು, ಬೀಳುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆ. ತಲೆಗೆ ವೈರ್ ಹಚ್ಚಿ, ಪಕ್ಕದಲ್ಲೇ ಕ್ಯಾಮೆರಾ ಇಟ್ಟು ಕಾದರು. ಅಲ್ಲೂ ಬಂತು. ಬಂದಾಗ ಮೆದುಳಿನ ಗೆರೆಗಳು ಸರಿಯಾಗಿಯೇ ಇದ್ದವು. ಇದು ಮೆದುಳಿನ ಕರೆಂಟಿನ ಫಿಟ್ಸ್ ಅಲ್ಲ, ಡಿಸೋಸಿಯೇಟಿವ್ ಅಂದರು.

ನಮ್ಮಮ್ಮ ತಕ್ಷಣ "ನೋಡಿದ್ಯಾ, ನಾಟಕ ಅಂತ ನಾನು ಮೊದಲೇ ಹೇಳಿರಲಿಲ್ವಾ" ಅಂದುಬಿಟ್ಟರು. ನಿಜ ಹೇಳಬೇಕು ಅಂದರೆ ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆ ಡಾಕ್ಟರ್ ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡು ಹೇಳಿದರು: "ಹೆದರಿದಾಗ ನಿಮ್ಮ ಎದೆ ಹೊಡ್ಕೊಳ್ಳುತ್ತಲ್ಲ, ಅದನ್ನ ನೀವು ಬೇಕು ಅಂತ ಮಾಡ್ತೀರಾ?" ಅವತ್ತಿನಿಂದ ನಾಟಕ ಅನ್ನುವ ಪದ ನಮ್ಮ ಮನೆಯಲ್ಲಿ ಬಂದ್.

ಈಗ ಬಂದರೆ ನಾನು ಏನೂ ದೊಡ್ಡದು ಮಾಡುವುದಿಲ್ಲ. ತಲೆಗೆ ಏನೂ ತಾಗದ ಹಾಗೆ ದಿಂಬು ಇಡುತ್ತೇನೆ. ಬಾಯಿಗೆ ಏನೂ ಹಾಕುವುದಿಲ್ಲ, ಕೈ ಅದುಮಿ ಹಿಡಿಯುವುದಿಲ್ಲ. ಸೇರಿದ ಜನರನ್ನು ಆಚೆ ಕಳಿಸುತ್ತೇನೆ. ಪಕ್ಕದಲ್ಲಿ ಕೂತು, "ಕಡೂರಲ್ಲೇ ಇದ್ದೀಯ, ನಮ್ಮನೆ, ನಾನೇ ಇದ್ದೀನಿ, ಹೊರಗೆ ತೆಂಗಿನಕಾಯಿ ಸುಲೀತಾ ಇದ್ದಾರೆ" ಅಂತ ಸುಮ್ನೆ ಹೇಳುತ್ತಾ ಇರುತ್ತೇನೆ. ಮೊದಲು ವಾರಕ್ಕೆ ಮೂರು ಸಲ ಬರುತ್ತಿತ್ತು. ಈ ಯುಗಾದಿಯಿಂದ ಇಲ್ಲಿಯವರೆಗೆ ಎರಡೇ ಸಲ.

ನಮ್ಮ ಲೆಕ್ಕ ಕೇಳಿದಿರಲ್ಲ, ಇದು. ಇನ್ನೊಂದು ಲೆಕ್ಕವೂ ಇದೆ. ಅವಳು ಈಗ ಬಾವಿಕಟ್ಟೆ ಹತ್ತಿರ ಒಬ್ಬಳೇ ಹೋಗುತ್ತಾಳೆ. ಅದನ್ನು ಯಾವ ಡಾಕ್ಟರ್ ಚೀಟಿಯಲ್ಲೂ ಬರೆಯಲ್ಲ.

ಮಲ್ನಾಡ್ ಅಜ್ಜ

ಎಲ್ಲಾ ಓದಿದೆ. ನನಗೆ 71 ವರ್ಷ. ನಮ್ಮ ಕಾಲದಲ್ಲಿ ಇದಕ್ಕೆ ಗಾಳಿ ಸೋಕಿದ್ದು ಅಂತಿದ್ದರು. ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಕೆಲವರಿಗೆ ವಾಸಿಯಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎಲ್ಲವನ್ನೂ ಕಾಯಿಲೆ ಅನ್ನುವುದೂ ಸರಿಯಲ್ಲ. ನಮ್ಮೂರ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವವರಿದ್ದಾರೆ. ಮಾರನೇ ದಿನ ಎಂದಿನಂತೆ ಗದ್ದೆಗೆ ಹೋಗುತ್ತಾರೆ. ಅವರನ್ನೂ ಆಸ್ಪತ್ರೆಗೆ ಸೇರಿಸುತ್ತೀರಾ?

ಓಪಿಡಿ ಬೆಂಚು

ಇಲ್ಲ ಅಜ್ಜ, ಸೇರಿಸಲ್ಲ. ನೀವು ಹೇಳಿದ್ದನ್ನೇ ಡಾಕ್ಟರುಗಳೂ ಒಪ್ಪುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಇದೆಯಲ್ಲ, 2022ರಿಂದ ಜಾರಿಗೆ ಬಂದ ಹನ್ನೊಂದನೆಯದು, ಅದರಲ್ಲೂ ಹಾಗೇ ಇದೆ. ಆ ಜನರ ಆಚರಣೆಯ ಒಳಗೆ, ಎಲ್ಲರೂ ಒಪ್ಪಿದ ಜಾಗದಲ್ಲಿ ಮೈಮೇಲೆ ಬಂದರೆ ಅದು ಕಾಯಿಲೆಯಲ್ಲ. ಬೇಡ ಅಂದರೂ ಬಂದು, ಜೀವನ ಹಾಳು ಮಾಡಿ, ಹಿಂಸೆ ಕೊಟ್ಟರೆ ಅದಕ್ಕೆ ಚಿಕಿತ್ಸೆ ಬೇಕು. ಜಾತ್ರೆಯ ಮಾರನೇ ದಿನ ಗದ್ದೆಗೆ ಹೋಗುವವರ ಹತ್ತಿರ ನನಗೇನೂ ಕೆಲಸವಿಲ್ಲ.

ದೇವಸ್ಥಾನಕ್ಕೆ ಹೋಗಿ ಸಮಾಧಾನ ಆದರೆ ಖಂಡಿತ ಹೋಗಲಿ. ಆದರೆ ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವವರ ಹತ್ತಿರ, ಸರಪಳಿಯಲ್ಲಿ ಕಟ್ಟುವವರ ಹತ್ತಿರ ಮಾತ್ರ ಬೇಡ. ಅದು ಕರ್ನಾಟಕದ 2017ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಮೊದಲೇ ಹೊಡೆತ ತಿಂದು ಒಡೆದ ಮನಸ್ಸು ಅದು. ಅದಕ್ಕೇ ಇನ್ನೊಂದು ಹೊಡೆತ ಯಾಕೆ?

ಮಲ್ನಾಡ್ ಅಜ್ಜ

ಈ ಮಾತು ಒಪ್ಪಿದೆ ಕಣಮ್ಮ. ನಮ್ಮ ಅತ್ತಿಗೆಗೆ ಹಾಗೆ ಹೊಡೆದಿದ್ದರು. ಅವಳು ಆಮೇಲೆ ಮಾತೇ ಆಡಲಿಲ್ಲ.

ಚಾರ್ಮಾಡಿ ತಿರುವು

ನನ್ನದು ಬೇರೆ ಥರ. ಇಲ್ಲಿ ಹೇಳಬಹುದಾ ಗೊತ್ತಿಲ್ಲ.

ಮೂಡಿಗೆರೆ ತಾಲೂಕಿನವನು. 2019ರ ಆಗಸ್ಟ್ ಮಳೆ ನೆನಪಿದೆಯಲ್ಲ, ಗುಡ್ಡ ಜರಿದಿದ್ದು. ನಮ್ಮ ಮನೆಯ ಹಿಂದಿನ ಗುಡ್ಡವೂ ಬಂತು. ನಾವು ರಾತ್ರಿಯೇ ಹೊರಗೆ ಓಡಿದ್ದರಿಂದ ಬದುಕಿದೆವು. ಕೊಟ್ಟಿಗೆಯಲ್ಲಿದ್ದ ಹಸುಗಳು ಉಳಿಯಲಿಲ್ಲ.

ನನಗೆ ನೆನಪು ಹೋಗುವುದಿಲ್ಲ. ಎಲ್ಲ ನೆನಪಿರುತ್ತದೆ, ಆದರೆ ಯಾವುದೂ ನಿಜ ಅನ್ನಿಸುವುದಿಲ್ಲ. ಜೋರು ಮಳೆ ಶುರುವಾದರೆ ನನ್ನ ಮತ್ತು ಜಗತ್ತಿನ ಮಧ್ಯೆ ಒಂದು ಗಾಜು ಇಳಿದ ಹಾಗೆ. ಅಮ್ಮ ಮಾತಾಡುತ್ತಿರುತ್ತಾರೆ, ದೂರದ ರೇಡಿಯೋ ಥರ ಕೇಳಿಸುತ್ತದೆ. ನನ್ನ ಕೈ ನೋಡಿಕೊಂಡರೆ ಯಾರದ್ದೋ ಕೈ. ಹೋದ ವರ್ಷ ಇದಕ್ಕೆ ಡೀಪರ್ಸನಲೈಸೇಶನ್, ಡೀರಿಯಲೈಸೇಶನ್ ಅಂತ ಹೆಸರಿದೆ ಅಂತ ಗೊತ್ತಾಯಿತು. ಹೆಸರು ಸಿಕ್ಕಿದ ದಿನ ಕೊಟ್ಟಿಗೆಹಾರದಲ್ಲಿ ಬಸ್ ಇಳಿದು ಹೊಟ್ಟೆ ತುಂಬ ನೀರುದೋಸೆ ತಿಂದೆ. ಹುಚ್ಚು ಹಿಡಿಯುತ್ತಿದೆ ಅಂದುಕೊಂಡು ಐದು ವರ್ಷ ಸುಮ್ಮನಿದ್ದೆನಲ್ಲ.

ಮಲೆನಾಡಿನಲ್ಲಿ ಇದ್ದುಕೊಂಡು ಮಳೆಗೆ ಹೆದರುತ್ತೀನಿ ಅಂದರೆ ನಗ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನೆಲ್ಲಿಗೆ ಹೋಗಲಿ?

ಯಾರೋ ಧ್ಯಾನ ಮಾಡು ಅಂದರು. ಕಣ್ಣು ಮುಚ್ಚಿ ಕೂತರೆ ಜಾಸ್ತಿ ಆಗುತ್ತದೆ. ಇದು ನನಗೊಬ್ಬನಿಗೇನಾ?

ಬಿಸಿಲೆ ಮೋಡ

ತಮ್ಮ, ನಿನಗೊಬ್ಬನಿಗೇ ಅಲ್ಲ. ತಮ್ಮ ಅಂತ ಕರೆದೆ, ತಪ್ಪು ತಿಳಿಯಬೇಡ. ನನಗೂ ಕಣ್ಣು ಮುಚ್ಚಿ ಮಾಡುವುದು ಯಾವುದೂ ಆಗಲ್ಲ. ಮುಚ್ಚಿದ ತಕ್ಷಣ ಒಳಗೆ ಜಾರಿಬಿಡುತ್ತೇನೆ. ನನಗೆ ಹೇಳಿಕೊಟ್ಟಿದ್ದು ಕಣ್ಣು ಬಿಟ್ಟುಕೊಂಡು ಮಾಡುವುದು. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು, ವಾಸನೆ ಎರಡು, ರುಚಿ ಒಂದು. ಮೊದಮೊದಲು ಶಾಲೆ ಹುಡುಗರ ಆಟ ಅನ್ನಿಸಿತು. ಆದರೆ ಮೈ ಇಲ್ಲೇ ಇದೆ ಅಂತ ಮನಸ್ಸಿಗೆ ತೋರಿಸಿಕೊಡಲು ಅದೇ ಸುಲಭ ದಾರಿ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುವುದು: ಒಂದು ಡಬ್ಬಿಯಲ್ಲಿ ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ, ಹೇಮಾವತಿ ಹೊಳೆಯ ಒಂದು ನುಣುಪು ಕಲ್ಲು, ಈ ವರ್ಷದ ಸಣ್ಣ ಕ್ಯಾಲೆಂಡರ್. ಕ್ಯಾಲೆಂಡರ್ ಯಾಕೆ ಅಂದರೆ, ಆ ಹೊತ್ತಲ್ಲಿ ನನಗೆ ಎಂಟು ವರ್ಷ ಅನ್ನಿಸುತ್ತದೆ. ಇಸವಿ ಕಣ್ಣಿಗೆ ಬಿದ್ದರೆ ಅರ್ಧ ಭಯ ಇಳಿಯುತ್ತದೆ.

ಮಳೆಗೆ ನೀನು ಓಡಿಹೋಗಬೇಕಿಲ್ಲ. ನನಗೆ ಡಿಸೆಂಬರ್ ಹಾಗೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನಿನ ಶಬ್ದ, ಕಾಫಿ ಸಿಪ್ಪೆ ಕೊಳೆತ ಆ ಹುಳಿ ನಾತ. ಅಮ್ಮನ ಮನೆಗೆ ಹೋದರೆ ಎಲ್ಲಿಂದ ತಪ್ಪಿಸಿಕೊಳ್ಳಲಿ? ಎಲ್ಲರೂ ಕಾಫಿ ಹೂವಿನ ಘಮ ಅಂತ ಬರೆಯುತ್ತಾರೆ, ಸಿಪ್ಪೆ ಗುಂಡಿ ಬಗ್ಗೆ ಯಾರೂ ಬರೆಯಲ್ಲ, ಅಲ್ವಾ? ಮೂರು ವರ್ಷ ಡಿಸೆಂಬರಿನಲ್ಲಿ ಹೋಗಲೇ ಇಲ್ಲ. ನಾಲ್ಕನೇ ವರ್ಷ ಅರ್ಧ ದಿನ ಹೋಗಿಬಂದೆ. ಹೋದ ವರ್ಷ ಒಂದು ರಾತ್ರಿ ಇದ್ದೆ.

ಈ ಐದು ವರ್ಷ ನೇರವಾಗಿ ಮೇಲೆ ಹೋದ ಗೆರೆ ಅಂತ ಯಾರೂ ಅಂದುಕೊಳ್ಳಬೇಡಿ. ಎರಡನೇ ವರ್ಷ ಪೂರ್ತಿ ಕೆಟ್ಟುಹೋಗಿತ್ತು. ಅದಕ್ಕೆ ಕಾರಣ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಒಬ್ಬರ ಹತ್ತಿರ ಕೌನ್ಸೆಲಿಂಗ್‌ಗೆ ಹೋಗಿದ್ದೆ. ಎರಡನೇ ದಿನವೇ "ಎಲ್ಲ ಹೊರಗೆ ಹಾಕಿಬಿಡಿ, ಹಗುರ ಆಗ್ತೀರ" ಅಂದರು. ನಾನೂ ನಂಬಿ ಹೇಳಿದೆ. ಹೇಳಿದ ಮೇಲೆ ಬಸ್ ಹತ್ತಿದ್ದು ನೆನಪಿಲ್ಲ. ಆ ವಾರ ಪುಸ್ತಕದಲ್ಲಿ ಒಟ್ಟು 31 ಗಂಟೆ ಬರೆದಿದೆ. ಕೈ ಕುಯ್ದುಕೊಂಡ ಗುರುತು ಇತ್ತು, ಯಾವಾಗ ಅಂತ ಗೊತ್ತಿಲ್ಲ.

ಈಗಿನ ಡಾಕ್ಟರಮ್ಮ ಮೊದಲ ವರ್ಷ ಹಳೆಯದನ್ನು ಒಂದು ದಿನವೂ ಕೇಳಲಿಲ್ಲ. ನಿದ್ದೆ ಹೇಗಿದೆ, ಊಟ ಮಾಡಿದಿರಾ, ಮನೆಯಲ್ಲಿ ಯಾರ ಮೇಲೆ ನಂಬಿಕೆ ಇದೆ, ಬರೀ ಇದೇ. ನನಗೆ ಸಿಟ್ಟು ಬರುತ್ತಿತ್ತು. ದುಡ್ಡು ಕೊಟ್ಟು ಊಟದ ವಿಷಯ ಮಾತಾಡಲು ಹೋಗಬೇಕಾ ಅಂತ.

ಓಪಿಡಿ ಬೆಂಚು

ಆ ಡಾಕ್ಟರಮ್ಮ ಮಾಡಿದ್ದೇ ಸರಿ. ಫ್ರಾನ್ಸಿನ ಪಿಯೆರ್ ಜನೆ ಅನ್ನುವವರು 19ನೇ ಶತಮಾನದ ಕೊನೆಯಲ್ಲೇ ಇದನ್ನು ಹಂತ ಹಂತವಾಗಿ ನೋಡಬೇಕು ಅಂದಿದ್ದರು. 1992ರಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಅದನ್ನು ಮೂರು ಹಂತ ಅಂತ ಬಿಡಿಸಿ ಹೇಳಿದರು. ಮೊದಲು ಭದ್ರತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರ ಜೊತೆ ಬಾಳುವುದು. ಮೊದಲ ಹಂತವೇ ವರ್ಷಗಟ್ಟಲೆ ಹಿಡಿಯಬಹುದು. ಗೋಡೆ ಹಸಿಯಾಗಿರುವಾಗ ಮೇಲೆ ಚಾವಣಿ ಹೊರಿಸುತ್ತೀವಾ?

ಇನ್ನೊಂದು. ಸಮ್ಮೋಹನ ಮಾಡಿ ಮರೆತ ನೆನಪು ಎಳೆದು ತೆಗೆಯುತ್ತೇವೆ ಅನ್ನುವವರ ಹತ್ತಿರ ಹುಷಾರು. ಹಾಗೆ ಕೆದಕಿದಾಗ ಆಗದೇ ಇದ್ದದ್ದೂ ಆದ ಹಾಗೆ ಮನಸ್ಸಿಗೆ ಕಾಣಬಹುದು. ಡಿಸೋಸಿಯೇಶನ್‌ಗೇ ಅಂತ ಮಾತ್ರೆಯೂ ಇಲ್ಲ. ಜೊತೆಗಿರುವ ಖಿನ್ನತೆಗೆ, ಗಾಬರಿಗೆ, ನಿದ್ದೆಗೆ ಕೊಡುತ್ತಾರೆ, ಅದು ಬೇಕಾಗುತ್ತದೆ. ಕೊಟ್ಟಿದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಅರಸೀಕೆರೆ ಜಂಕ್ಷನ್

ಮೊದಲು ಕೇಳಿದ ರೀತಿಗೆ ಕ್ಷಮಿಸಿ ಮೇಡಂ. ಕೀ ವಿಷಯ ಹೇಳಬಾರದಿತ್ತು. ಒಂದು ಕೇಳಲಾ? ಆ ಕಳೆದುಹೋದ ಹೊತ್ತಿನಲ್ಲಿ ಇರುವವರು ಯಾರು? ಉತ್ತರ ಕೊಡಲೇಬೇಕು ಅಂತಿಲ್ಲ.

ಬಿಸಿಲೆ ಮೋಡ

ಕೊಡುತ್ತೇನೆ ಅಣ್ಣ. ಕೀ ವಿಷಯಕ್ಕೆ ನಾನು ನಕ್ಕಿದ್ದೆ, ಬಿಡಿ.

ನನಗೆ ಗೊತ್ತಾಗಿರುವುದು ಇಬ್ಬರು. ಆಲ್ಟರ್ ಅನ್ನುವ ಪದ ನನ್ನ ಬಾಯಿಗೆ ಹಿಡಿಸಲ್ಲ. ಒಳಗಿನವರು ಅನ್ನುತ್ತೇನೆ. ಒಬ್ಬಳು ಪುಟ್ಟಿ. ಅವಳಿಗೆ ಎಂಟೋ ಒಂಬತ್ತೋ. ಅಗಳಿ ಎಳೆಯುವ ಶಬ್ದ ಆದರೆ ಮಂಚದ ಕೆಳಗೆ ಹೋಗುತ್ತಾಳೆ. ಹಳೇ ಮನೆಗಳಲ್ಲಿ ಬಾಗಿಲಿಗೆ ಅಡ್ಡ ಮರದ ಅಗಳಿ ಇರುತ್ತದಲ್ಲ, ಗೋಡೆಯ ತೂತಿನಿಂದ ಕಿರ್ರ್ ಅಂತ ಬಂದು ಠಕ್ ಅಂತ ಕೂರುವುದು. ಅದು. ನಮ್ಮ ಬಾಡಿಗೆ ಮನೆಗೆ ಅಗಳಿ ಇಲ್ಲ. ಆದರೆ ಅಂಗಡಿಯ ರೋಲಿಂಗ್ ಶಟರ್ ಎಳೆದಾಗ ಅದೇ ಥರ ಠಕ್ ಅನ್ನುತ್ತದೆ. ನನ್ನ ಸಂಜೆಗಳು ಯಾಕೆ ಕಳೆದುಹೋಗುತ್ತಿದ್ದವು ಅಂತ ಗೊತ್ತಾಗಿದ್ದೇ ಪುಸ್ತಕದಿಂದ. ಎಲ್ಲ ಎಂಟೂವರೆಗೆ ಶುರುವಾಗುತ್ತಿದ್ದವು. ಅಂಗಡಿ ಮುಚ್ಚುವ ಹೊತ್ತು. ಈಗ ಎಂಟೂಕಾಲಿಗೇ ಹೊರಡುತ್ತೇನೆ. ಮಾಲೀಕರಿಗೆ ಬಸ್ ಕಾರಣ ಹೇಳಿದ್ದೇನೆ.

ಇನ್ನೊಬ್ಬಳು ಗಟ್ಟಿಗಿತ್ತಿ. ಬೇಲೂರಿಗೆ ಹೋದವಳು ಅವಳೇ. ಯಾರಿಗೂ ಹೆದರಲ್ಲ. ನನ್ನ ಮೇಲೆ ಅವಳಿಗೆ ಸಿಟ್ಟು, ಯಾಕೆಂದರೆ ಆ ಮನೆಯವರಿಗೆ ನಾನು ಇವತ್ತಿಗೂ "ಚೆನ್ನಾಗಿದ್ದೀರಾ" ಅಂತ ಕೇಳುತ್ತೇನಲ್ಲ. ಕೈ ಕುಯ್ದಿದ್ದೂ ಅವಳೇ ಇರಬೇಕು. ಮೊದಲು ಅವಳನ್ನು ಓಡಿಸಿಬಿಡಿ ಅಂತ ಡಾಕ್ಟರಮ್ಮನ ಕಾಲು ಹಿಡಿಯುವುದೊಂದು ಬಾಕಿ. ಅವರು, "ಓಡಿಸೋದು ಯಾರನ್ನಮ್ಮ? ಅದು ನಿಮ್ಮದೇ ಸಿಟ್ಟು, ನೀವು ಇಟ್ಟುಕೊಳ್ಳೋಕೆ ಆಗಲಿಲ್ಲ ಅಂತ ಅವಳು ಇಟ್ಟುಕೊಂಡಿದ್ದಾಳೆ" ಅಂದರು.

ಆ ಮಾತು ತಲೆಗೆ ಹೋಗಲು ಒಂದು ವರ್ಷ ಬೇಕಾಯಿತು. ಈಗ ಪುಸ್ತಕದ ಹಿಂದಿನ ಪುಟಗಳನ್ನು ಅವರಿಗೇ ಬಿಟ್ಟಿದ್ದೇನೆ. ಪೆನ್ನು ಜೊತೆಗೆ ಕಟ್ಟಿದ್ದೇನೆ. ಮೊದಲ ಸಲ ಅಲ್ಲಿ ಬರಹ ಕಂಡಾಗ ಪುಸ್ತಕ ಎಸೆದುಬಿಟ್ಟಿದ್ದೆ. ದೊಡ್ಡ ದೊಡ್ಡ ಅಕ್ಷರ, ಒತ್ತಿ ಬರೆದಿದ್ದು. "ನೀನು ಮತ್ತೆ ಅವರಿಗೆ ಫೋನ್ ಮಾಡಿದೆ." ಈಗ ನಾನೂ ಕೆಳಗೆ ಉತ್ತರ ಬರೆಯುತ್ತೇನೆ. ಎಲ್ಲರೂ ಸೇರಿ ಒಂದೇ ಆಗಬೇಕು ಅಂತಲೇನೂ ಇಲ್ಲವಂತೆ. ಕೆಲವರಿಗೆ ಹಾಗಾಗುತ್ತದೆ. ಕೆಲವರು ಒಳಗಿನವರ ಜೊತೆ ಹೊಂದಿಕೊಂಡು ಬಾಳುತ್ತಾರೆ. ನನಗೆ ಯಾವುದು ಅಂತ ಇನ್ನೂ ಗೊತ್ತಿಲ್ಲ.

ಕಡೂರು ತೆಂಗು

ಅಕ್ಕ, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ, ಬಾಗಿಲ ಚಿಲಕ ಹಾಕದೆ ಮಲಗಿದಳು. ಹಾಕಿಯೇ ಮಲಗುವವಳು. ಒಳ್ಳೇದಾ ಕೆಟ್ಟದ್ದಾ ಗೊತ್ತಾಗಲಿಲ್ಲ.

ಬಿಸಿಲೆ ಮೋಡ

ಕೇಳಬೇಡಿ ಅಣ್ಣ. ಅವರೇ ಹೇಳಲಿ.

ಯಗಚಿ

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. 19 ವರ್ಷ. ನನಗೆ ಏನಿದೆ ಅಂತ ಇಲ್ಲಿ ಹೇಳಲ್ಲ. ಡಾಕ್ಟರ್ ಹತ್ತಿರ ಹೋದರೆ ಮನೆಯವರಿಗೆ ಹೇಳ್ತಾರಾ? ಎಷ್ಟು ಖರ್ಚಾಗುತ್ತದೆ?

ಓಪಿಡಿ ಬೆಂಚು

ಪುಟ್ಟಾ, ನಿನಗೆ 18 ದಾಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿನ್ನ ವಿಷಯ ಗುಟ್ಟಾಗಿ ಇಡುವುದು ಡಾಕ್ಟರ್ ಕರ್ತವ್ಯ. ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಇದೆ. ಮೊದಲ ದಿನವೇ "ಮನೆಗೆ ಹೇಳಬೇಡಿ" ಅಂತ ಬಾಯಿಬಿಟ್ಟು ಹೇಳು. ನಾಚಿಕೆ ಬೇಡ.

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ದೊಡ್ಡ ಖರ್ಚಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹೋಗುವ ಮುಂಚೆ ಒಂದು ಸಲ ಫೋನ್ ಮಾಡಿ ಕೇಳಿಕೋ. ಇವತ್ತು ರಾತ್ರಿಯೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮಾನಸ್. 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಹಾನ್ಸ್‌ಗೆ ಹೋಗಲೇಬೇಕು ಅಂತ ಮೊದಲೇ ಅಂದುಕೊಳ್ಳಬೇಡ. ಬೇಕಾದರೆ ಇಲ್ಲಿಯವರೇ ಚೀಟಿ ಬರೆದು ಕಳಿಸುತ್ತಾರೆ.

ನಿನಗೆ ಯಾರಾದರೂ ತೊಂದರೆ ಕೊಟ್ಟಿದ್ದು, ಅವರು ಈಗಲೂ ನಿನ್ನ ಹತ್ತಿರ ಓಡಾಡುತ್ತಿದ್ದರೆ, ಅದನ್ನೂ ಡಾಕ್ಟರಿಗೆ ಹೇಳು. ಉಳಿದಿದ್ದೆಲ್ಲ ಆಮೇಲೆ.

ಯಗಚಿ

ಸರಿ ಮೇಡಂ. ಥ್ಯಾಂಕ್ಸ್.

ಚಾರ್ಮಾಡಿ ತಿರುವು

ನೆಲ್ಲಿಕಾಯಿ ಪ್ರಯತ್ನ ಮಾಡಿದೆ. ನಿನ್ನೆ ಸಂಜೆ ಮಳೆ ಬಂತು, ಬಾಯಲ್ಲಿ ಇಟ್ಟುಕೊಂಡು ಜಗುಲಿಯಲ್ಲೇ ಕೂತಿದ್ದೆ. ಗಾಜು ಇಳಿಯಿತು, ಸುಳ್ಳು ಹೇಳಲ್ಲ. ಆದರೆ ಹುಳಿ ಮಾತ್ರ ಗಾಜಿನ ಈಚೆಯೇ ಇತ್ತು. ಅಮ್ಮ ಏನು ತಿಂತಿದ್ದೀಯೋ ಅಂದರು, ಕೇಳಿಸಿತು.

ಬಿಸಿಲೆ ಮೋಡ

ಎಲ್ಲರಿಗೂ ಮತ್ತೆ ನಮಸ್ಕಾರ. ಎರಡು ತಿಂಗಳಾಯಿತು ಬರೆದು.

ಆ ಮನೆಗೆ ಹೋಗಿದ್ದೆ. ಒಬ್ಬರ ತಿಥಿ ಇತ್ತು. ಹೋಗಲೇಬೇಕು ಅಂತಿರಲಿಲ್ಲ, ಡಾಕ್ಟರಮ್ಮ ಕೂಡ ಅವಸರ ಬೇಡ ಅಂದಿದ್ದರು. ಅಮ್ಮ ಒಬ್ಬರೇ ಹೋಗುತ್ತಾರಲ್ಲ ಅಂತ ಹೊರಟೆ. ಗಂಡ ಕಾರಿನಲ್ಲೇ ಇರಲಿ, ನಾನು ಹೇಳಿದ ತಕ್ಷಣ ಹೊರಡಬೇಕು ಅಂತ ಮೊದಲೇ ಮಾತಾಗಿತ್ತು. ಹಿಂದಿನ ರಾತ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ: "ನಾಳೆ ಅಲ್ಲಿಗೆ ಹೋಗುತ್ತಿದ್ದೇವೆ. ಊಟಕ್ಕೆ ಕೂರಲ್ಲ. ರಾತ್ರಿ ಇರಲ್ಲ."

ಮನೆ ರಿಪೇರಿ ಮಾಡಿಸಿದ್ದಾರೆ. ಬಾಗಿಲಿಗೆ ಸ್ಟೀಲಿನ ಬೋಲ್ಟ್ ಬಂದಿದೆ. ಅಗಳಿ ಎಲ್ಲಿ ಅಂತ ಹುಡುಕುತ್ತಿದ್ದೀನಿ ಅಂತ ನನಗೇ ಆಮೇಲೆ ಗೊತ್ತಾಯಿತು. ಬಚ್ಚಲ ಹಿಂದೆ ಸೌದೆ ರಾಶಿಯಲ್ಲಿ ಬಿದ್ದಿತ್ತು. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ನನ್ನ ನೆನಪಿನಲ್ಲಿ ಅದು ತೊಲೆಯಷ್ಟು ದಪ್ಪ ಇತ್ತು. ಒಂದು ತುದಿ ಗೆದ್ದಲು ತಿಂದಿದೆ. ಕೈಯಲ್ಲಿ ಹಿಡಿದೆ. ಹಗುರ ಇತ್ತು.

ಆಮೇಲೆ 12 ನಿಮಿಷ ಇಲ್ಲ. ಗಂಡ ಗಡಿಯಾರ ನೋಡಿಕೊಂಡಿದ್ದರು. ನಾನೇ ನಡೆದು ಬಂದು ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, "ಹೋಗೋಣ" ಅಂದೆನಂತೆ.

ಅದಾದ ವಾರ ಚೆನ್ನಾಗಿರಲಿಲ್ಲ. ಮೂರು ರಾತ್ರಿ ನಿದ್ದೆ ಇಲ್ಲ, ಒಂದು ದಿನ ಮಧ್ಯಾಹ್ನ ಎರಡೂವರೆ ಗಂಟೆ ಕಳೆದುಹೋಯಿತು. ಈ ತಿಂಗಳ ಮೊತ್ತ 40 ನಿಮಿಷ ದಾಟಿ ಎಲ್ಲೋ ಹೋಗಿದೆ. ಮೊದಲಾಗಿದ್ದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಈ ಸಲ ಬರೆದು ಪುಟ ತಿರುಗಿಸಿದೆ.

ಹಿಂದಿನ ಪುಟದಲ್ಲಿ ನನ್ನ ಸಾಲಿನ ಕೆಳಗೆ ಎರಡು ಅಕ್ಷರ ಇದ್ದವು. ಈ ಸಲ ದೊಡ್ಡ ಅಕ್ಷರ ಅಲ್ಲ, ಒತ್ತಿಯೂ ಇರಲಿಲ್ಲ. "ಸರಿ."

ಕಡೂರು ತೆಂಗು

ಓದಿದೆವು ಅಕ್ಕ, ಇಬ್ಬರೂ.

ಅವಳು ಕೇಳುತ್ತಿದ್ದಾಳೆ, ಆ ಪುಸ್ತಕ ಯಾವ ಥರದ್ದು ಅಂತ. ಡೈರಿನಾ, ನೋಟ್‌ಬುಕ್ಕಾ?

ಬಿಸಿಲೆ ಮೋಡ

ಹಾಲಿನ ಲೆಕ್ಕ ಬರೆಯುವ ಸಣ್ಣ ಪುಸ್ತಕ ಅಂತ ಹೇಳಿ. ದಿನಕ್ಕೊಂದು ಗೆರೆ ಮೊದಲೇ ಹಾಕಿರುತ್ತಾರೆ, ಬೆಳಿಗ್ಗೆ ಒಂದು ಮನೆ, ಸಂಜೆ ಒಂದು ಮನೆ. ಜಾಸ್ತಿ ಬರೆಯಲು ಜಾಗವೇ ಇರಲ್ಲ, ಅದೇ ಅನುಕೂಲ. ಯಾರ ಕೈಗೆ ಸಿಕ್ಕರೂ ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ಎರಡು ತಗೊಳ್ಳಿ, ಮಳೆಗಾಲದಲ್ಲಿ ಒಂದು ಒದ್ದೆಯಾಗುತ್ತದೆ.